ಫಲಕ ಓದುವವರು, ಫಲಕ ನೋಡುವವರು

ಹಾವೇರಿ ಬಸ್ ನಿಲ್ದಾಣದಲ್ಲಿ ಹಾನಗಲ್ ಬಸ್ಸು ಹತ್ತುವವರಲ್ಲಿ ಎರಡು ಬಗೆಯವರಿದ್ದಾರೆ. ಬೋರ್ಡು ಓದಿ ಹತ್ತುವವರು ಒಂದು ಬಗೆ. ‘ತಮ್ಮಾ, ಇದು ಹಾನಗಲ್ಲಿಗೆ ಹೋಗತೈತೇನು?’ ಎಂದು ಪಕ್ಕದವರನ್ನು ಕೇಳಿ ಹತ್ತುವವರು ಇನ್ನೊಂದು ಬಗೆ. 2011ರ ಜನಗಣತಿಯ ಪ್ರಕಾರ ಹಾವೇರಿ ಜಿಲ್ಲೆಯ ಸಾಕ್ಷರತೆ ಶೇ 77ರ ಆಸುಪಾಸು. ಅಂದರೆ ಏಳು ವರ್ಷ ತುಂಬಿದ ಪ್ರತಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಬೋರ್ಡಿನ ಮೇಲಿನ ಅಕ್ಷರಗಳು ಬರಿಯ ಗೆರೆಗಳು.

ಊರಿನ ಬೋರ್ಡುಗಳ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದಾಗಲೆಲ್ಲ ಅದು ಭಾಷೆಯ ಸುತ್ತಲೇ ತಿರುಗುತ್ತದೆ. ಕನ್ನಡ ಎಷ್ಟು, ಇಂಗ್ಲಿಷ್ ಎಷ್ಟು, ಯಾವುದು ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕ ಅದು. ಈ ಚರ್ಚೆ ಬೇಕಾದದ್ದೇ. ಆದರೆ ಓದು ಬಾರದವರಿಗೆ ಬೋರ್ಡು ಏನು ಹೇಳುತ್ತದೆ ಎಂಬ ಪ್ರಶ್ನೆ ಅದರಲ್ಲಿ ಬರುವುದೇ ಇಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳ ಸೀಮೆಯಲ್ಲಿ ಉಳಿದಿರುವ ಹಳೆಯ ಕಲ್ಲುಗಳನ್ನು ನೋಡಿದರೆ, ಎಂಟು ಒಂಬತ್ತು ನೂರು ವರ್ಷಗಳ ಹಿಂದಿನವರು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿದ್ದರು ಎಂಬುದು ತಿಳಿಯುತ್ತದೆ. ಅವರ ಉತ್ತರ ಇಂದಿಗೂ ಕೆಲಸಕ್ಕೆ ಬರುವಂಥದು.

ಮೇಲೆ ಚಿತ್ರ, ಕೆಳಗೆ ಅಕ್ಷರ

ಶಾಸನ ಎಂದರೆ ಇತಿಹಾಸದ ಪಾಠ ಎಂದೇ ನಮಗೆ ರೂಢಿ. ಅದನ್ನು ನಿಲ್ಲಿಸಿದ ಕಾಲದಲ್ಲಿ ಅದೊಂದು ಸಾರ್ವಜನಿಕ ಪ್ರಕಟಣೆ. ಗುಡಿಗೆ ಇಷ್ಟು ಮತ್ತರು ಭೂಮಿ ಬಿಡಲಾಗಿದೆ, ಇಂಥ ಸುಂಕದ ಹಣ ದೇವರ ದೀಪಕ್ಕೆ ಸಲ್ಲಬೇಕು, ಇದನ್ನು ಯಾರೂ ಕೆಡಿಸಬಾರದು ಎಂದು ಊರಿಗೆಲ್ಲ ಸಾರುವ ಫಲಕ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೀಗೆ ಜನ ಓಡಾಡುವ ಜಾಗದಲ್ಲೇ ಅದನ್ನು ನೆಡುತ್ತಿದ್ದರು.

ಕಲ್ಯಾಣದ ಚಾಲುಕ್ಯರ ಕಾಲದ, ಎಂದರೆ 11 ಮತ್ತು 12ನೇ ಶತಮಾನದ, ಶಾಸನದ ಕಲ್ಲೊಂದರ ಸಾಮಾನ್ಯ ರಚನೆಯನ್ನು ಗಮನಿಸಿ. ಕಲ್ಲಿನ ನೆತ್ತಿಯಲ್ಲಿ ಒಂದು ಚಿತ್ರಪಟ್ಟಿಕೆ. ನಡುವೆ ಲಿಂಗ, ಅದನ್ನು ಪೂಜಿಸುವ ಯತಿ. ಒಂದು ಬದಿಗೆ ನಂದಿ, ಇನ್ನೊಂದು ಬದಿಗೆ ಕರುವಿಗೆ ಹಾಲೂಡಿಸುವ ಹಸು. ಮೇಲೆ ಸೂರ್ಯ, ಚಂದ್ರ. ಕೆಲವು ಕಲ್ಲುಗಳಲ್ಲಿ ಒಂದು ಕತ್ತಿಯೂ ಇರುತ್ತದೆ. ಜೈನ ಬಸದಿಗೆ ಬಿಟ್ಟ ದತ್ತಿಯಾದರೆ ಲಿಂಗದ ಜಾಗದಲ್ಲಿ ತೀರ್ಥಂಕರ ಕುಳಿತಿರುತ್ತಾನೆ.

ಇದೆಲ್ಲ ಬರಿಯ ಅಲಂಕಾರವಲ್ಲ. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಬೇಕು ಎಂಬ ಮಾತು ಶಾಸನದ ಪಾಠದಲ್ಲಿ ಬರುತ್ತದೆ. ಅದೇ ಮಾತನ್ನು ಮೇಲಿನ ಚಿತ್ರ ಮೊದಲೇ ಹೇಳಿರುತ್ತದೆ. ದಾನವನ್ನು ಕೆಡಿಸಿದವನಿಗೆ ವಾರಾಣಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಬರುತ್ತದೆ ಎಂಬ ಶಾಪ ಪಾಠದ ಕೊನೆಗಿರುತ್ತದೆ. ಹಸು ಕರುವಿನ ಚಿತ್ರ ಕಂಡವನಿಗೆ ಆ ಶಾಪವನ್ನು ನೆನೆಯಲು ಅಕ್ಷರ ಬೇಕಿರಲಿಲ್ಲ. ಕೆಳಗಿನ ಐವತ್ತು ಅರವತ್ತು ಸಾಲುಗಳನ್ನು ಓದಬಲ್ಲವರು ಊರಿನಲ್ಲಿ ಕೆಲವರು ಮಾತ್ರ. ಉಳಿದವರಿಗೆ ಮೇಲಿನ ಒಂದು ಅಡಿ ಸಾಕಾಗುತ್ತಿತ್ತು: ಇದು ಶಿವನ ಗುಡಿಯ ಆಸ್ತಿ, ಶಾಶ್ವತವಾದದ್ದು, ಮುಟ್ಟಿದರೆ ಪಾಪ.

ಎಲ್ಲೆಗಲ್ಲಿನ ಭಾಷೆ

ಊರೊಳಗಿನ ಶಾಸನಕ್ಕಿಂತ ಹೊಲದ ಬದುವಿನ ಕಲ್ಲುಗಳಲ್ಲಿ ಈ ಕ್ರಮ ಇನ್ನೂ ಸ್ಪಷ್ಟವಾಗಿದೆ. ದಾನ ಕೊಟ್ಟ ಭೂಮಿಯ ನಾಲ್ಕೂ ದಿಕ್ಕಿಗೆ ಎಲ್ಲೆಗಲ್ಲು ಹಾಕಬೇಕಿತ್ತು. ಅಲ್ಲಿ ಉದ್ದನೆಯ ಪಾಠ ಕೆತ್ತುವುದು ದುಬಾರಿ, ಕೆತ್ತಿದರೂ ಓದುವವರಿಲ್ಲ. ಹಾಗಾಗಿ ಒಂದೊಂದು ಬಗೆಯ ದಾನಕ್ಕೆ ಒಂದೊಂದು ಗುರುತು ಬಳಕೆಗೆ ಬಂತು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಗೆ ಮೂರು ಕೊಡೆಗಳಿರುವ ಮುಕ್ಕೊಡೆ ಕಲ್ಲು, ವಿಷ್ಣು ದೇವಾಲಯದ್ದಾದರೆ ಶಂಖ ಚಕ್ರ, ಬ್ರಾಹ್ಮಣರಿಗೆ ಕೊಟ್ಟದ್ದಾದರೆ ಕೊಡೆ ಹಿಡಿದು ನಿಂತ ವಾಮನನ ಕಲ್ಲು. ನೇಗಿಲು ಹಿಡಿದ ರೈತನಿಗಾಗಲಿ ದನ ಕಾಯುವ ಹುಡುಗನಿಗಾಗಲಿ ಈ ನೆಲ ಯಾರದೆಂದು ತಿಳಿಯಲು ಒಂದು ನೋಟ ಸಾಕಿತ್ತು. ಇಂದಿನ ವಿನ್ಯಾಸಕಾರರು ಲೋಗೋ ಎಂದು ಕರೆಯುವುದು ಇದನ್ನೇ.

ಹಿರೇಕೆರೂರಿಗೆ ನೆರೆಯಾದ ಬಳ್ಳಿಗಾವಿಯಲ್ಲಿ 1047ರಲ್ಲಿ ಬನವಾಸಿಯನ್ನು ಆಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡದ ಕಂಬವಿದೆ. ಆ ಸೀಮೆಯಲ್ಲಿ ಭೂಮಿ ಅಳೆಯುವ ಒಂದು ಕೋಲಿಗೆ ‘ಭೇರುಂಡ ಗಳೆ’ ಎಂಬ ಹೆಸರಿದ್ದುದು ಶಾಸನಗಳಿಂದ ತಿಳಿಯುತ್ತದೆ. ಹಕ್ಕಿಯ ಹೆಸರು ಅಳತೆಯ ಖಾತರಿಯಾಗಿತ್ತು. ಮುಂದೆ ಮೈಸೂರಿನ ಒಡೆಯರ ಲಾಂಛನವಾಗಿ, ಅಲ್ಲಿಂದ ರಾಜ್ಯದ ಲಾಂಛನವಾಗಿ ಬಂದ ಎರಡು ತಲೆಯ ಹಕ್ಕಿಯನ್ನು ಈಗ ಪ್ರತಿ ತಾಲೂಕು ಕಚೇರಿಯ ಕಾಗದದಲ್ಲೂ ಕಾಣುತ್ತೇವೆ. ಅಕ್ಷರ ಬಾರದವರೂ ಅದನ್ನು ನೋಡಿ ‘ಇದು ಸರಕಾರದ್ದು’ ಎನ್ನುತ್ತಾರೆ.

ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು

ಹಾನಗಲ್ಲಿನ ಹಳೆಯ ಹೆಸರು ಪಾನುಂಗಲ್. ಐನೂರು ಹಳ್ಳಿಗಳ ನಾಡೆಂಬ ಲೆಕ್ಕದಲ್ಲಿ ಶಾಸನಗಳು ಅದನ್ನು ‘ಪಾನುಂಗಲ್ 500’ ಎಂದು ಕರೆಯುತ್ತವೆ. ಕದಂಬರ ಒಂದು ಶಾಖೆ ಇಲ್ಲಿಂದ ಆಳುತ್ತಿತ್ತು. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಆನೆಕೆರೆಯ ಬಳಿ ಬೀಡು ಬಿಟ್ಟು ಊರಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಸೇನಾನಿ ಸೋಹಣಿ ಎಂಬಾತ ಹೋರಾಡಿ ಸತ್ತ, ಆದರೆ ಹೊಯ್ಸಳ ಸೇನೆ ಆ ಬಾರಿ ಹಿಮ್ಮೆಟ್ಟಿತು. ಇದನ್ನು ಹೇಳುವುದು ಹಾನಗಲ್ಲಿನ ಒಂದು ವೀರಗಲ್ಲು. ಯುದ್ಧದ ದೃಶ್ಯವೇ ಅದರಲ್ಲಿ ಪ್ರಧಾನ.

ವೀರಗಲ್ಲಿನ ರಚನೆಗೆ ಈ ನಾಡಿನಲ್ಲಿ ಒಂದು ಕಟ್ಟುಪಾಡಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲಿನ ಪಟ್ಟಿಕೆಯಲ್ಲಿ ಆತ ಶಿವನ ಸನ್ನಿಧಿಯಲ್ಲಿ ಕುಳಿತಿರುವುದು. ನೆತ್ತಿಯಲ್ಲಿ ಮತ್ತೆ ಸೂರ್ಯ ಚಂದ್ರ. ಅಕ್ಷರವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ಈ ಕಥೆಯನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ ನೋಡಬೇಕು. ನೆಲದಿಂದ ಸ್ವರ್ಗಕ್ಕೆ ಏರುವುದು ಎಂಬ ನಂಬಿಕೆಯೇ ಕಲ್ಲಿನ ವಿನ್ಯಾಸವನ್ನು ತೀರ್ಮಾನಿಸಿತು. ಸಂಸ್ಕೃತಿ ಸಾರ್ವಜನಿಕ ಫಲಕವನ್ನು ರೂಪಿಸುತ್ತದೆ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಉದಾಹರಣೆ ಸಿಗಲಾರದು. ಈ ಕಟ್ಟುಪಾಡು ಗೊತ್ತಿದ್ದ ಯಾರಿಗಾದರೂ, ಎಲ್ಲಿ ನೋಡಿದರೂ, ವೀರಗಲ್ಲು ಅರ್ಥವಾಗುತ್ತಿತ್ತು. ಯಾರು, ಯಾವ ಇಸವಿ ಎಂಬ ವಿವರಕ್ಕೆ ಮಾತ್ರ ಅಕ್ಷರಸ್ಥನನ್ನು ಕೇಳಬೇಕಿತ್ತು.

ಗೆದ್ದವರು ಹಾಕಿದ ಫಲಕ

ಹಿರೇಕೆರೂರಿಗೆ ಹತ್ತಿರದ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿ 1200ರ ಸುಮಾರಿನ ಒಂದು ದೊಡ್ಡ ಶಾಸನ ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಶೈವ ಭಕ್ತನಾದ ಆತ ಜೈನರೊಡನೆ ಪಂಥ ಕಟ್ಟಿ ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಒಪ್ಪಿಸಿ ಮರಳಿ ಪಡೆದ, ಬಿಜ್ಜಳನಿಂದ ಜಯಪತ್ರ ಪಡೆದ, ಹಾನಗಲ್ಲಿನ ಕಾಮದೇವನಿಂದ ಗ್ರಾಮವೊಂದನ್ನು ದಾನವಾಗಿ ಪಡೆದ ಎಂಬುದು ಅದರ ಸಾರಾಂಶ. ಈ ಶಾಸನದ ಜೊತೆಗೆ ಅಲ್ಲಿ ಶಿಲ್ಪಗಳೂ ಇವೆ, ಶಿಲ್ಪಕ್ಕೆ ಕನ್ನಡದಲ್ಲಿ ವಿವರಣೆಯೂ ಇದೆ. ನಾವು ಪತ್ರಿಕೆಯಲ್ಲಿ ಚಿತ್ರದ ಕೆಳಗೆ ಒಂದು ಸಾಲು ಬರೆಯುತ್ತೇವಲ್ಲ, ಅಂಥದೇ. ಚಿತ್ರದಲ್ಲಿ ಯಾರಿದ್ದಾರೆ, ಏನು ನಡೆಯುತ್ತಿದೆ ಎಂದು ಅದು ತಿಳಿಸುತ್ತದೆ. ಜೆ.ಎಫ್. ಫ್ಲೀಟ್ ಈ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಫಲಕ ಗೆದ್ದವರು ಹಾಕಿಸಿದ್ದು. ಸೋತವರ ಮಾತು ಅಲ್ಲಿ ಇಲ್ಲ. ಇದೇ ಸೀಮೆಯ ಬಂಕಾಪುರ ಅದಕ್ಕಿಂತ ಮೊದಲಿನ ಶತಮಾನಗಳಲ್ಲಿ ಜೈನರ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಶಿಗ್ಗಾವಿ ತಾಲೂಕಿನ ಈ ಊರಿನಲ್ಲೇ ಅಜಿತಸೇನಾಚಾರ್ಯರು ನೆಲೆಸಿದ್ದರು. ಗಂಗ ದೊರೆ ಮಾರಸಿಂಹ 974ರಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇಲ್ಲೇ. ಅಬಲೂರಿನ ಶಿಲ್ಪವನ್ನು ಮಾತ್ರ ನೋಡಿದವನಿಗೆ ಇದು ತಿಳಿಯುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಯಾರ ಚಿತ್ರ ನಿಲ್ಲುತ್ತದೆ, ಯಾರದು ನಿಲ್ಲುವುದಿಲ್ಲ ಎಂಬುದು ಆಗಲೂ ಅಧಿಕಾರದ ಪ್ರಶ್ನೆಯೇ ಆಗಿತ್ತು.

ಅಕ್ಷರ ಬದಲಾದ ಕಾಲ

ಅಧಿಕಾರ ಕೈಬದಲಾದಾಗಲೆಲ್ಲ ಮೊದಲು ಬದಲಾಗುವುದು ಅಕ್ಷರ. ಬಿಜಾಪುರದ ಆದಿಲಶಾಹಿ, ಆಮೇಲೆ ಮೊಗಲರು, ಅವರ ಕೈಕೆಳಗೆ 17ನೇ ಶತಮಾನದ ಕೊನೆಯಲ್ಲಿ ಅಬ್ದುಲ್ ರೌಫ್ ಖಾನನಿಂದ ನೆಲೆಗೊಂಡ ಸವಣೂರಿನ ನವಾಬರು. ಹೀಗೆ ಫಾರ್ಸಿ ಕಚೇರಿಯ ಭಾಷೆಯಾಯಿತು. 1756ರಲ್ಲಿ ಮರಾಠರು ಸವಣೂರಿಗೆ ಮುತ್ತಿಗೆ ಹಾಕಿದ ನಂತರ ನವಾಬರು ತಮ್ಮ ಸೀಮೆಯ ದೊಡ್ಡ ಭಾಗವನ್ನು ಬಿಟ್ಟುಕೊಡಬೇಕಾಯಿತು. ಅದರೊಂದಿಗೆ ಮರಾಠಿ ಮತ್ತು ಅದರ ಮೋಡಿ ಲಿಪಿ ದಫ್ತರಕ್ಕೆ ಬಂದವು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆ ಕಂಪನಿಯ ಮುಂಬಯಿ ಆಡಳಿತಕ್ಕೆ ಸೇರಿದ ಮೇಲೂ ಮರಾಠಿ ಬಹುಕಾಲ ಮುಂದುವರಿಯಿತು. ಜೊತೆಗೆ ಇಂಗ್ಲಿಷ್ ಬಂತು.

ಆ ಕಾಲದ ಗುರುತುಗಳು ಇಂದಿನ ಬೋರ್ಡುಗಳ ಮೇಲೇ ಇವೆ. ತಾಲೂಕು, ಜಿಲ್ಲೆ, ಅರ್ಜಿ ಅರಬ್ಬಿ ಮೂಲದ ಮಾತುಗಳು. ಜಮೀನು, ದಫ್ತರ ಫಾರ್ಸಿಯಿಂದ ಬಂದವು. ಗಾಂವಠಾಣ ಮರಾಠಿಯದು. ಯಾವ ಕನ್ನಡಿಗನೂ ಇವನ್ನು ಈಗ ಪರಭಾಷೆಯೆಂದು ತಿಳಿಯುವುದಿಲ್ಲ. ಶಿಗ್ಗಾವಿ ಎಂಬ ಹೆಸರನ್ನೇ ನೋಡಿ. ಒಂದು ಬೋರ್ಡಿನಲ್ಲಿ ‘ಶಿಗ್ಗಾವಿ’, ಇನ್ನೊಂದರಲ್ಲಿ ‘ಶಿಗ್ಗಾಂವ’, ಇಂಗ್ಲಿಷಿನಲ್ಲಿ ಈ ಎರಡನೆಯದರ ಹೋಲಿಕೆಯ ‘ಶಿಗ್ಗಾಂವ್’. ‘ಗಾಂವ್’ ಎಂಬ ಕೊನೆಯ ತುಂಡು ಮರಾಠಿ ಕಾರಕೂನರ ಕೈಬರಹದ ನೆನಪು. ಹಾಗೆಯೇ ಸವಣೂರು ಮತ್ತು ಸವಣೂರ, ಹಿರೇಕೆರೂರು ಮತ್ತು ಹಿರೇಕೆರೂರ, ಹಾನಗಲ್ ಮತ್ತು ಹಾನಗಲ್ಲ. ಉಕಾರವಿಲ್ಲದ ರೂಪ ಧಾರವಾಡ ಸೀಮೆಯ ರೂಢಿ; ಉಕಾರವಿರುವುದು ಏಕೀಕರಣದ ನಂತರ ಪಠ್ಯಪುಸ್ತಕ ಮತ್ತು ಬೆಂಗಳೂರಿನ ಸುತ್ತೋಲೆಗಳೊಂದಿಗೆ ಬಲಗೊಂಡದ್ದು.

1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಧಾರವಾಡ ಗೆಜೆಟಿಯರ್ ತೆರೆದರೆ ಶಿಗ್ಗಾವಿ ತಾಲೂಕು, ಹಿರೇಕೆರೂರು ತಾಲೂಕು ಎಂಬ ಹೆಸರುಗಳೇ ಸಿಗುವುದಿಲ್ಲ. ಶಿಗ್ಗಾವಿಯಲ್ಲಿ ಕಚೇರಿಯಿದ್ದ ತಾಲೂಕಿಗೆ ಬಂಕಾಪುರ ಎಂದೂ ಹಿರೇಕೆರೂರಿನಲ್ಲಿ ಕಚೇರಿಯಿದ್ದ ತಾಲೂಕಿಗೆ ಕೋಡ ಎಂದೂ ಹೆಸರು. ಸವಣೂರು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಪ್ರತ್ಯೇಕ ಸಂಸ್ಥಾನ. ಕಾಗದದಲ್ಲಿ ಹೆಸರು ಹೀಗೆ ಬದಲಾಗುತ್ತಿದ್ದಾಗ, ಬದುವಿನ ಲಿಂಗಮುದ್ರೆಯ ಕಲ್ಲು ಮಾತ್ರ ಹಾಗೆಯೇ ನಿಂತಿತ್ತು. ಅಕ್ಷರ ಆಳುವವರ ಜೊತೆ ಹೋಗುತ್ತಿತ್ತು, ಚಿತ್ರ ಜನರ ಬಳಿ ಉಳಿಯುತ್ತಿತ್ತು.

ಕನ್ನಡ ಮತ್ತೆ ಬೋರ್ಡಿಗೆ ಬಂದದ್ದು ತಾನಾಗಿ ಅಲ್ಲ. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಈ ಭಾಗದ ಶಾಲೆಗಳಲ್ಲಿ ಕನ್ನಡ ಕಲಿಸುವಂತೆ ಮಾಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1956ರಲ್ಲಿ ರಾಜ್ಯ ಒಂದಾಯಿತು, 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಕಾನೂನು ಬಂತು. 1980ರಲ್ಲಿ ಸರಕಾರ ನೇಮಿಸಿದ ಭಾಷಾ ಸಮಿತಿಗೆ ಅಧ್ಯಕ್ಷರಾಗಿದ್ದ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲೇ. ಸಮಿತಿಯ ವರದಿ ಶಾಲೆಯ ಪ್ರಥಮ ಭಾಷೆಗೆ ಸಂಬಂಧಿಸಿದ್ದು. ಅದರ ಜಾರಿಗಾಗಿ 1982ರಲ್ಲಿ ನಡೆದ ಚಳವಳಿ ಮಾತ್ರ ಕನ್ನಡದ ಪ್ರಶ್ನೆಯನ್ನು ಬೀದಿಗೂ ಅಂಗಡಿಯ ಮುಂಗಟ್ಟಿಗೂ ತಂದಿತು.

ಮತಪೆಟ್ಟಿಗೆಯ ಮೇಲಿನ ಚಿತ್ರ

ಸ್ವತಂತ್ರ ಭಾರತ ಒಂದು ಸಂದರ್ಭದಲ್ಲಿ ಓದು ಬಾರದವರನ್ನು ಮರೆಯಲಿಲ್ಲ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ 18ರಷ್ಟು ಮಾತ್ರ. ಆ ವರ್ಷದ ಕೊನೆಗೆ ಆರಂಭವಾದ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಒಂದು ಪೆಟ್ಟಿಗೆ, ಪ್ರತಿ ಪೆಟ್ಟಿಗೆಯ ಮೇಲೂ ಒಂದು ಚಿಹ್ನೆ. ಎತ್ತು, ದೀಪ, ಗುಡಿಸಲು, ಮರ ಇಂಥ ಮನೆಮನೆಯ ವಸ್ತುಗಳನ್ನೇ ಚಿಹ್ನೆಗಳಾಗಿ ಆರಿಸಲಾಗಿತ್ತು. 1969ರಲ್ಲಿ ಕಾಂಗ್ರೆಸ್ ಒಡೆದ ಮೇಲೆ ಇಂದಿರಾ ಗಾಂಧಿಯವರ ಪಕ್ಷ 1971ರ ಚುನಾವಣೆಯಲ್ಲಿ ಬಳಸಿದ್ದು ಹಸು ಕರುವಿನ ಗುರುತು. ಚಾಲುಕ್ಯರ ಕಾಲದಿಂದ ಶಾಸನದ ನೆತ್ತಿಯ ಮೇಲಿದ್ದ ಚಿತ್ರ ಹೀಗೆ ಗೋಡೆಗೋಡೆಯ ಮೇಲೆ ಕಾಣಿಸಿತು. ಇಬ್ಬರೂ ಲೆಕ್ಕ ಹಾಕಿದ್ದು ಒಂದೇ: ಈ ನಾಡಿನ ರೈತನಿಗೆ ಹಸು ಕರು ಗೊತ್ತು.

ಹೊರಜಗತ್ತಿನಲ್ಲೂ ಇಂಥ ಪ್ರಯತ್ನಗಳಾಗಿವೆ. 1920ರ ದಶಕದಲ್ಲಿ ವಿಯೆನ್ನಾದ ಓಟ್ಟೊ ನ್ಯೂರಾತ್ ಅಂಕಿ ಅಂಶಗಳನ್ನು ಕಾರ್ಮಿಕರಿಗೂ ತಿಳಿಯುವಂತೆ ಚಿತ್ರಗಳಲ್ಲಿ ತೋರಿಸುವ ಪದ್ಧತಿಯನ್ನು ಬೆಳೆಸಿದರು. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಜಪಾನಿ ಬಾರದ ಅತಿಥಿಗಳಿಗಾಗಿ ಪ್ರತಿ ಆಟಕ್ಕೂ ಒಂದು ಚಿತ್ರ ರಚಿಸಲಾಯಿತು. 1969ರಲ್ಲಿ ಆರಂಭವಾದ ಮೆಕ್ಸಿಕೊ ನಗರದ ಮೆಟ್ರೊದಲ್ಲಿ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆಗೆ ಒಂದು ಚಿತ್ರವಿದೆ. ಓದು ಬಾರದ ಪ್ರಯಾಣಿಕರನ್ನು ಗಮನದಲ್ಲಿಟ್ಟುಕೊಂಡು, ಆಯಾ ಜಾಗದ ಚರಿತ್ರೆಯಿಂದಲೇ ಚಿತ್ರಗಳನ್ನು ತೆಗೆದುಕೊಳ್ಳಲಾಯಿತು. ‘ಮಿಡತೆಯ ಬೆಟ್ಟ’ ಎಂಬ ಅರ್ಥದ ಚಪುಲ್ಟೆಪೆಕ್ ನಿಲ್ದಾಣಕ್ಕೆ ಮಿಡತೆಯೇ ಗುರುತು.

ಆದರೆ ಚಿತ್ರ ಎಲ್ಲರಿಗೂ ಒಂದೇ ಅರ್ಥ ಕೊಡುತ್ತದೆ ಎಂದು ತಿಳಿಯುವುದೂ ತಪ್ಪು. ಪಶ್ಚಿಮದಲ್ಲಿ ಗೂಬೆ ವಿದ್ಯೆಯ ಗುರುತು. ನಮ್ಮಲ್ಲಿ ಅದು ಅಪಶಕುನ. ಯುದ್ಧದಲ್ಲಿ ಗಾಯಾಳುಗಳ ಆರೈಕೆಗೆ ಕೆಂಪು ಶಿಲುಬೆಯ ಗುರುತನ್ನು ಯುರೋಪಿನ ದೇಶಗಳು ಒಪ್ಪಿದರೂ, 1876ರಲ್ಲಿ ತುರ್ಕಿಯ ಸರಕಾರ ಅದರ ಬದಲು ಕೆಂಪು ಅರ್ಧಚಂದ್ರವನ್ನು ಬಳಸುವುದಾಗಿ ತಿಳಿಸಿತು. ಚಿತ್ರಕ್ಕೂ ಮಾತೃಭಾಷೆ ಇರುತ್ತದೆ.

ಇದು ಕೇವಲ ಪಾಂಡಿತ್ಯದ ಮಾತಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಔಷಧದ ಡಬ್ಬಿಯ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇರಬೇಕು. ಹಸಿರು ಎಂದರೆ ವಿಷ ಇಲ್ಲವೆಂದಲ್ಲ, ಕಡಿಮೆ ಎಂದಷ್ಟೇ. ಆದರೆ ಹಾವೇರಿ ಜಿಲ್ಲೆಯ ರೈತನಿಗೆ ಹಸಿರೆಂದರೆ ಬೆಳೆ, ಹಸಿರು ಬಳೆ, ಸಮೃದ್ಧಿ. ತಿಂಡಿಯ ಪೊಟ್ಟಣದ ಮೇಲಿನ ಹಸಿರು ಚುಕ್ಕೆಗೆ ಸಸ್ಯಾಹಾರ ಎಂದು ಅರ್ಥ. ಅದೇ ಬಣ್ಣವನ್ನು ವಿಷದ ಡಬ್ಬಿಯ ಮೇಲೆ ಕಂಡವನು ಕೈಗೆ ಏನೂ ಹಾಕಿಕೊಳ್ಳದೆ ಔಷಧ ಕಲಸಿದರೆ ತಪ್ಪು ಯಾರದು? ಡಬ್ಬಿಯ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇದ್ದೇ ಇರುತ್ತದೆ. ಓದಬಲ್ಲವರಿಗೆ ಮಾತ್ರ.

ಅಂಗಡಿಯ ಬೋರ್ಡು ಮತ್ತು ಪೇಂಟರ್

ಶಾಸನದ ಕ್ರಮ ಸತ್ತುಹೋಗಿತ್ತು ಎಂದು ತಿಳಿಯಬೇಕಾಗಿಲ್ಲ. ಫ್ಲೆಕ್ಸ್ ಬರುವ ಮುಂಚಿನ ಒಂದು ಕಿರಾಣಿ ಅಂಗಡಿಯ ಬೋರ್ಡನ್ನು ನೆನಪು ಮಾಡಿಕೊಳ್ಳಿ. ನೆತ್ತಿಯಲ್ಲಿ ‘ಶ್ರೀ’, ಅದರ ಪಕ್ಕ ಮನೆದೇವರ ‘ಪ್ರಸನ್ನ’. ಆಮೇಲೆ ದೊಡ್ಡ ಅಕ್ಷರದಲ್ಲಿ ಅಂಗಡಿಯ ಹೆಸರು, ಅದೂ ಬಹುಮಟ್ಟಿಗೆ ದೇವರದೇ. ಕೆಳಗೆ ಮಾಲೀಕರ ಹೆಸರು, ಸಿಗುವ ಸಾಮಾನು. ತೀರ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಬರೆದ ಪೇಂಟರನ ಸಹಿ. ಶಾಸನದಲ್ಲಿಯೂ ಮೊದಲು ದೇವರ ಸ್ತುತಿ, ಆಮೇಲೆ ದಾನಿಯ ಹೆಸರು, ದಾನದ ವಿವರ, ಕೊನೆಗೆ ಬರೆದವನ, ಕಂಡರಿಸಿದ ರೂವಾರಿಯ ಹೆಸರು. ಯಾರೂ ಕಲಿಸದೆಯೇ ಒಂದು ಪದ್ಧತಿ ಎಂಟು ನೂರು ವರ್ಷ ಬಾಳಿದೆ.

ಆ ಪೇಂಟರುಗಳಿಗೆ ಓದು ಬಾರದ ಗಿರಾಕಿಯೂ ಗೊತ್ತಿದ್ದ. ಕ್ಷೌರದಂಗಡಿಗೆ ಕತ್ತರಿ ಬಾಚಣಿಗೆ, ಕನ್ನಡಕದ ಅಂಗಡಿಗೆ ಎರಡು ದೊಡ್ಡ ಕಣ್ಣು, ಬೀಜದ ಅಂಗಡಿಗೆ ತೆನೆ. ಪಂಕ್ಚರ್ ತಿದ್ದುವವನಿಗಂತೂ ಬೋರ್ಡೇ ಬೇಕಿರಲಿಲ್ಲ. ಕಂಬಕ್ಕೆ ನೇತುಹಾಕಿದ ಹಳೆಯ ಟಯರೇ ಸಾಕಿತ್ತು. ತಗಡಿಗೆ ಬಣ್ಣ ಹಚ್ಚಿ, ದಾರದಿಂದ ಗೆರೆ ಹೊಡೆದು, ಚಪ್ಪಟೆ ಕುಂಚದಿಂದ ಕನ್ನಡದ ಗುಂಡನೆಯ ಅಕ್ಷರಕ್ಕೆ ನೆರಳು ಕೊಟ್ಟು ಎತ್ತಿ ತೋರಿಸುವ ಕೆಲಸ ಕೈಚಳಕದ್ದು. ಬಹಳ ಮಂದಿ ಹಿರಿಯ ಪೇಂಟರನ ಕೈಕೆಳಗೆ ಬಣ್ಣ ಕಲಸುತ್ತ ಕಲಿತವರು. 1935ರಲ್ಲಿ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಆರಂಭಿಸಿದಂಥ ಚಿತ್ರಕಲಾ ಶಾಲೆಗಳಿಂದ ಈ ಭಾಗಕ್ಕೆ ಕ್ರಮಬದ್ಧ ಚಿತ್ರಕಲಾ ಶಿಕ್ಷಣವೂ ಬಂತು.

2000ದ ನಂತರ ಫ್ಲೆಕ್ಸ್ ಬಂತು. ಪೇಂಟರ್ ದಿನವೆಲ್ಲ ಕೂತು ಬರೆಯುತ್ತಿದ್ದುದನ್ನು ಯಂತ್ರ ಕೆಲವೇ ನಿಮಿಷಗಳಲ್ಲಿ ಮುದ್ರಿಸಿತು. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಫ್ಲೆಕ್ಸನ್ನೂ ಸೇರಿಸಿತಾದರೂ ಬೀದಿಯಿಂದ ಅದು ಹೋಗಲಿಲ್ಲ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸಿನಲ್ಲಿ ನಾಯಕನ ಮುಖ ದೊಡ್ಡದು, ಬೆಂಬಲಿಗರ ಮುಖ ಸಾಲಾಗಿ ಸಣ್ಣವು. ಗಾತ್ರದಿಂದ ಅಂತಸ್ತು ತೋರಿಸುವ ಈ ಉಪಾಯವೂ ಹಳೆಯದೇ. ವೀರಗಲ್ಲಿನಲ್ಲಿ ವೀರ ದೊಡ್ಡವನು, ಶತ್ರುಗಳು ಚಿಕ್ಕವರು. ಹಳೆಯ ಪದ್ಧತಿಯಲ್ಲಿ ನಾವು ಉಳಿಸಿಕೊಂಡದ್ದು ದೊಡ್ಡಸ್ತಿಕೆಯನ್ನು, ಕಳೆದುಕೊಂಡದ್ದು ತಿಳಿಸುವ ಗುಣವನ್ನು.

ಶೇ 60ರ ಆಚೆ

2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಾಮಫಲಕಗಳ ವಿಷಯವಾಗಿ ದೊಡ್ಡ ಪ್ರತಿಭಟನೆ ನಡೆಯಿತು. ಆನಂತರ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು, ಬೋರ್ಡಿನ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು ವಿಧಿಸಲಾಯಿತು. ಕಲ್ಲಿನಲ್ಲಿ ದೇವರಿಗೆ ಕೊಟ್ಟ ಜಾಗವನ್ನು ಕಾನೂನು ಭಾಷೆಗೆ ಕೊಟ್ಟಿತು ಎನ್ನಬಹುದು. ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಈ ಕಾನೂನಿನಿಂದ ಹೆಚ್ಚೇನೂ ಬದಲಾಗಬೇಕಿಲ್ಲ. ಇಲ್ಲಿನ ಬಹುಪಾಲು ಬೋರ್ಡು ಮೊದಲಿನಿಂದಲೂ ಕನ್ನಡದ್ದೇ. ಇಲ್ಲಿ ಉಳಿದಿರುವ ಪ್ರಶ್ನೆ ಬೇರೆ: ಕನ್ನಡ ಮಾತಾಡಬಲ್ಲ, ಆದರೆ ಓದಲಾರದ ಕನ್ನಡಿಗರದು.

ಅದಕ್ಕೆ ಮಾದರಿ ನಮ್ಮ ಕಣ್ಣೆದುರೇ ಇದೆ. ವಿದ್ಯುತ್ ಕಂಬದ ಮೇಲಿನ ಅಪಾಯದ ತಗಡನ್ನು ನೋಡಿ. 1956ರ ವಿದ್ಯುತ್ ನಿಯಮಗಳು ಅದರ ಮೇಲೆ ಸ್ಥಳೀಯ ಭಾಷೆಯೂ ಇರಬೇಕು, ತಲೆಬುರುಡೆಯ ಚಿತ್ರವೂ ಇರಬೇಕು ಎಂದು ಹೇಳಿದವು. ಜೀವದ ಪ್ರಶ್ನೆ ಬಂದಾಗ ಕಾನೂನು ಮಾಡಿದವರಿಗೂ ಶಾಸನ ಕೆತ್ತಿದವರ ಬುದ್ಧಿಯೇ ಹೊಳೆದದ್ದು ಗಮನಾರ್ಹ. ಅದೇ ಕ್ರಮವನ್ನು ತಾಲೂಕು ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ, ಔಷಧ ಕೊಡುವ ಕಿಟಕಿಗೆ, ಬ್ಯಾಂಕಿನ ಹಣ ತುಂಬುವ ಕೌಂಟರಿಗೆ, ಬಸ್ಸಿನ ಬೋರ್ಡಿಗೆ ತರಲು ಹೆಚ್ಚಿನ ಖರ್ಚಿಲ್ಲ. ಚಿತ್ರಗಳನ್ನು ಹೊರಗಿನಿಂದ ಎರವಲು ತರಬೇಕಾಗಿಯೂ ಇಲ್ಲ. ಹಾನಗಲ್ಲಿಗೆ ತಾರಕೇಶ್ವರ ಗುಡಿಯ ಒಳಛಾವಣಿಯ ಕಮಲವಿದೆ. ಶಿಗ್ಗಾವಿ ಸೀಮೆಗೆ ಬಂಕಾಪುರದ ನವಿಲಿದೆ, ಬಾಡದ ಕನಕದಾಸರ ತಂಬೂರಿಯಿದೆ. ಸವಣೂರಿಗೆ ದೊಡ್ಡಹುಣಸೆಯ ಮರವಿದೆ. ಹಿರೇಕೆರೂರಿಗೆ ಊರಿನ ಹೆಸರಿನಲ್ಲೇ ಕೆರೆಯಿದೆ. ಇವನ್ನು ಆ ಊರಿನ ಬಸ್ಸು ಹತ್ತುವ ಯಾವ ಮುದುಕಿಗೂ ಯಾರೂ ಓದಿ ಹೇಳಬೇಕಾಗಿಲ್ಲ.

ಬದುವಿನ ಮೇಲೆ ಇನ್ನೂ ಉಳಿದಿರುವ ಲಿಂಗಮುದ್ರೆಯ ಕಲ್ಲು, ಮುಕ್ಕೊಡೆ ಕಲ್ಲುಗಳ ಬಗ್ಗೆಯೂ ಒಂದು ಮಾತು. ಹೊಲ ಸಮ ಮಾಡುವಾಗ, ಗೋಡೆ ಕಟ್ಟುವಾಗ ಇಂಥ ಕಲ್ಲು ಸಿಕ್ಕರೆ ಅದನ್ನು ಬಟ್ಟೆ ಒಗೆಯುವ ಬಂಡೆ ಮಾಡಿಕೊಳ್ಳುವ ಮೊದಲು ಗ್ರಾಮ ಪಂಚಾಯಿತಿಗೋ ಪುರಾತತ್ವ ಇಲಾಖೆಗೋ ತಿಳಿಸುವುದು ಒಳ್ಳೆಯದು. ಓದು ಬಾರದವರನ್ನೂ ಲೆಕ್ಕಕ್ಕೆ ಹಿಡಿದು ಹಾಕಿದ ಈ ನಾಡಿನ ಮೊದಲ ಫಲಕಗಳು ಅವು.